ಚಾಳೀಸು ಬಂದ ಮೇಲೆ ಚಕಮಕಿ ಕೋವಿಯ ಗುರಿ

ಪ್ರಶ್ನೆ: ನನಗೆ 61. ಊರು ಮಡಿಕೇರಿ ಕಡೆ, ಪೆನ್ಸಿಲ್ವೇನಿಯಾಕ್ಕೆ ಬಂದು 28 ವರ್ಷ. ಕ್ರಿಸ್‌ಮಸ್ ಆದ ಮೇಲೆ ಬರುವ, ಕಲ್ಲಿನ ಕಿಡಿಯಿಂದ ಮದ್ದು ಹೊತ್ತುವ ಚಕಮಕಿ ಕೋವಿಗಳ ಬೇಟೆ ಸೀಸನ್ನಿಗೆ ತಪ್ಪದೆ ಹೋಗುವವನು. ಕೋವಿ .50 ಕ್ಯಾಲಿಬರಿನ ಲಾಂಗ್‌ರೈಫಲ್, ನಳಿಗೆ 42 ಇಂಚು, ಗುರಿ ಹಿಡಿಯಲು ನಳಿಗೆಯ ಮೇಲೆ ಹಿಂದೆ ಕಚ್ಚು, ಮುಂದೆ ಬೆಳ್ಳಿಯ ಮೊನೆ. ನಾಲ್ಕು ವರ್ಷದ ಹಿಂದೆ 50 ಗಜದಲ್ಲಿ ಐದು ಗುಂಡನ್ನೂ ಅಂಗೈ ಅಗಲದೊಳಗೆ ಹಾಕುತ್ತಿದ್ದೆ. ಈಗ ಎಡಬಲ ಪರವಾಗಿಲ್ಲ, ಆದರೆ ಮೇಲೆ ಕೆಳಗೆ ಏಳು ಇಂಚು ಚೆದುರುತ್ತದೆ. ಹಿಂದಿನ ಕಚ್ಚಿಗೆ ಕೂದಲು ಹುಟ್ಟಿದ ಹಾಗೆ ಕಾಣುತ್ತದೆ. ದೂರಕ್ಕೆ ಮೈನಸ್ 1.25, ಹಾಕುವುದು ಪ್ರೋಗ್ರೆಸಿವ್ ಕನ್ನಡಕ. ಗುಂಡು ಹೊಡೆದು ಅಭ್ಯಾಸ ಮಾಡುವ ರೇಂಜಿನಲ್ಲಿ ಒಬ್ಬರು ಕಚ್ಚನ್ನು ಅರದಲ್ಲಿ ಉಜ್ಜಿ ಅಗಲ ಮಾಡು ಅಂತಾರೆ, ಇನ್ನೊಬ್ಬರು ಇದನ್ನು ಬಿಟ್ಟು ದುರ್ಬೀನು ಕೂರಿಸಿದ, ಬಾಯಿಂದಲೇ ಮದ್ದು ತುಂಬುವ ಹೊಸ ಮಾದರಿಯ ಇನ್‌ಲೈನ್ ತಗೋ ಅಂತಾರೆ. ಊರಲ್ಲಿ ಅಣ್ಣನಿಗೆ 70, ಅವನದೂ ಇದೇ ಗೋಳು. ಏನು ಮಾಡಲಿ?

ಉತ್ತರ: ಮೊದಲು ಆ ಅರವನ್ನು ಪೆಟ್ಟಿಗೆಯೊಳಗೆ ಇಡಿ. ಉಜ್ಜಿದ ಲೋಹ ವಾಪಸ್ ಬರುವುದಿಲ್ಲ. ಇದನ್ನು ನಾನು ಅನುಭವದಿಂದಲೇ ಹೇಳುತ್ತಿದ್ದೇನೆ. 54ನೇ ವಯಸ್ಸಿನಲ್ಲಿ, ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಕೊಡುವುದೇ ನನ್ನ ಕಸುಬಾಗಿದ್ದರೂ, ಒಂದು ಭಾನುವಾರ ಮಧ್ಯಾಹ್ನ ನನ್ನ ಕೋವಿಯ ಕಚ್ಚು ಸರಿಯಾಗಿ ಕಾಣುತ್ತಿಲ್ಲ ಅಂತ ಸಿಟ್ಟಿಗೆ ಅರ ಹಿಡಿದು ಕೂತೆ. ಸಂಜೆಯ ಹೊತ್ತಿಗೆ ಕಚ್ಚು ಬಾವಿಯಷ್ಟಾಗಿತ್ತು, ಗುರಿ ಮಾತ್ರ ಇನ್ನಷ್ಟು ಕೆಟ್ಟಿತ್ತು. ದೋಷ ಕಚ್ಚಿನಲ್ಲಿರಲಿಲ್ಲ, ನನ್ನ ಮೂಗಿನ ಮೇಲಿತ್ತು. ನಿಮ್ಮದೂ ಮುಕ್ಕಾಲು ಪಾಲು ಅಲ್ಲೇ ಇದೆ ಅನ್ನಿಸುತ್ತದೆ.

ನಮ್ಮ ಹಿರಿಯರು ಓದುವ ಕನ್ನಡಕಕ್ಕೆ ಚಾಳೀಸು ಅಂತ ಹೆಸರಿಟ್ಟದ್ದು ಸುಮ್ಮನೆ ಅಲ್ಲ. ನಲವತ್ತರ ಆಚೀಚೆ ಕಣ್ಣೊಳಗಿನ ಮಸೂರ ಬಿರುಸಾಗಿ, ಹತ್ತಿರಕ್ಕೂ ದೂರಕ್ಕೂ ತನ್ನ ಉಬ್ಬನ್ನು ಬದಲಿಸಿಕೊಳ್ಳುವ ಶಕ್ತಿ ಕುಂದುತ್ತದೆ. ಈ ಶಕ್ತಿಯನ್ನು ಅಳೆಯುವುದು ಡಯಾಪ್ಟರಿನಲ್ಲಿ. ಲೆಕ್ಕ ಸುಲಭ: ಒಂದನ್ನು ಮೀಟರಿನಲ್ಲಿರುವ ದೂರದಿಂದ ಭಾಗಿಸಿದರೆ ಆಯಿತು. ಅರ್ಧ ಮೀಟರಿನಲ್ಲಿರುವ ವಸ್ತುವಿಗೆ 2 ಡಯಾಪ್ಟರ್ ಬೇಕು, ಒಂದು ಮೀಟರಿಗೆ 1, ದಿಗಂತಕ್ಕೆ ಸೊನ್ನೆ. ಹತ್ತು ವರ್ಷದ ಹುಡುಗನ ಕಣ್ಣಿಗೆ 10 ಡಯಾಪ್ಟರಿಗೂ ಮೀರಿದ ಶಕ್ತಿ ಇರುತ್ತದೆ. ನಲವತ್ತಕ್ಕೆ ನಾಲ್ಕೈದು ಉಳಿದಿರುತ್ತದೆ. ಅರವತ್ತಕ್ಕೆ ಒಂದರ ಆಸುಪಾಸು ಅಂತ ಪುಸ್ತಕ ಹೇಳುತ್ತದೆ, ಅದರಲ್ಲೂ ಬಹುಪಾಲು ಪಾಪೆ ಕಿರಿದಾಗಿರುವುದರಿಂದ ಸಿಗುವ ಪುಕ್ಕಟೆ ಲಾಭ. ಒಟ್ಟಿನಲ್ಲಿ ನಿಮ್ಮ ಕಣ್ಣೀಗ ಒಂದೇ ದೂರಕ್ಕೆ ಕೂರಿಸಿಟ್ಟ ಕ್ಯಾಮೆರಾ.

ತೆರೆದ ಗುರಿಯ ಕೋವಿ ಆ ಕಣ್ಣಿಗೆ ಕೊಡುವ ಕೆಲಸ ಮೂರು: ಹಿಂದಿನ ಕಚ್ಚು, ಮುಂದಿನ ಮೊನೆ, ಆಚೆಗಿನ ಗುರಿ. ಇಪ್ಪತ್ತರ ಹುಡುಗ ಈ ಮೂರರ ನಡುವೆ ಕಣ್ಣನ್ನು ಎಷ್ಟು ಬೇಗ ಓಡಾಡಿಸುತ್ತಾನೆಂದರೆ ಮೂರೂ ಒಟ್ಟಿಗೇ ಸ್ಪಷ್ಟವಾಗಿ ಕಾಣುತ್ತಿವೆ ಅಂತ ಅವನು ನಂಬಿರುತ್ತಾನೆ. ನಮಗೆ ಆ ಓಡಾಟ ಇಲ್ಲ. ಆದ್ದರಿಂದ ನಾವು ಮೂರರಲ್ಲಿ ಒಂದನ್ನೇ ಆರಿಸಬೇಕು, ಆ ಒಂದು ಮುಂದಿನ ಮೊನೆಯೇ ಆಗಬೇಕು. ಉಳಿದೆರಡು ಎಷ್ಟು ಮಸುಕಾದರೆ ನಡೆಯುತ್ತದೆ, ಆ ಮಸುಕನ್ನು ಹೇಗೆ ತಗ್ಗಿಸುವುದು ಅನ್ನುವುದಷ್ಟೇ ಮುಂದಿನ ಮಾತು.

ನಿಮ್ಮ ಕೋವಿಯ ಅಳತೆಯನ್ನೇ ತೆಗೆದುಕೊಳ್ಳೋಣ. ಕೆನ್ನೆ ಹಿಡಿಗೆ ತಾಗಿಸಿದಾಗ ಇಂಥ ಕೋವಿಯಲ್ಲಿ ಕಣ್ಣಿನಿಂದ ಹಿಂದಿನ ಕಚ್ಚಿಗೆ ಸುಮಾರು 40 ಸೆಂ.ಮೀ., ಮುಂದಿನ ಮೊನೆಗೆ ಸುಮಾರು 125 ಸೆಂ.ಮೀ. ಅಂದರೆ ಕಚ್ಚಿಗೆ 2.5 ಡಯಾಪ್ಟರ್, ಮೊನೆಗೆ 0.8. ಈಗ ಒಂದು ಚಿಕ್ಕ ಸೂತ್ರ. ಪಾಪೆಯ ಅಗಲವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು, ಕಣ್ಣು ಎಷ್ಟು ಡಯಾಪ್ಟರ್ ತಪ್ಪಿ ಕೂತಿದೆಯೋ ಅದರಿಂದ ಗುಣಿಸಿ. ಬಂದ ಉತ್ತರ, ಒಂದು ಮೀಟರ್ ದೂರದಲ್ಲಿ ಪ್ರತಿ ಅಂಚು ಎಷ್ಟು ಮಿಲಿಮೀಟರ್ ಹರಡಿ ಕಾಣುತ್ತದೆ ಅನ್ನುವುದು. ದೂರ ಹೆಚ್ಚಾದಂತೆ ಹರಡುವುದೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಹಗಲಿನಲ್ಲಿ ನಿಮ್ಮ ಪಾಪೆ 3 ಮಿ.ಮೀ. ಅಂತ ಇಟ್ಟುಕೊಳ್ಳೋಣ. ದೂರದ ಮೈನಸ್ 1.25 ಪೂರ್ತಿ ಹಾಕಿಕೊಂಡು ನೋಡಿದರೆ ಮುಂದಿನ ಮೊನೆಯ ಅಂಚು 3 ಮಿ.ಮೀ. ಹರಡುತ್ತದೆ. ಇಂಥ ಕೋವಿಗಳಲ್ಲಿ ಮೊನೆಯ ಅಗಲವೇ ಸಾಮಾನ್ಯವಾಗಿ ಒಂದೂವರೆ ಎರಡು ಮಿ.ಮೀ. ವಸ್ತುವಿಗಿಂತ ಅದರ ಮಸುಕೇ ದೊಡ್ಡದು! ಹಿಂದಿನ ಕಚ್ಚಿನ ಅಂಚೂ ಹೆಚ್ಚುಕಡಿಮೆ 3 ಮಿ.ಮೀ. ಹರಡುತ್ತದೆ. ನಿಮ್ಮ 'ಕೂದಲು' ಇದೇ.

ಈ 3 ಮಿ.ಮೀ. ಗಮನಿಸಿ. ನಿಮ್ಮ ಕಚ್ಚಿಗೂ ಮೊನೆಗೂ ನಡುವಿನ ಅಂತರ ಸುಮಾರು 85 ಸೆಂ.ಮೀ. ಮೊನೆ ಕಚ್ಚಿನಲ್ಲಿ ಏರುಪೇರಾಗಿ ಕೂತು 50 ಗಜದಲ್ಲಿ ಏಳು ಇಂಚು ಚೆದುರಬೇಕಾದರೆ ಎಷ್ಟು ತಪ್ಪು ಸಾಕು? 3.3 ಮಿ.ಮೀ. ನಿಮ್ಮ ಕೈ ನಡುಗುತ್ತಿಲ್ಲ, ಮದ್ದಿನ ಅಳತೆಯೂ ಬಹುಶಃ ಸರಿಯಾಗೇ ಇದೆ. ಅಂಚು ಎಲ್ಲಿ ಮುಗಿಯುತ್ತದೆ ಅಂತ ಕಣ್ಣಿಗೆ ಗೊತ್ತಾಗದೆ ಒಂದು ಸಲ ಮೇಲೆ, ಒಂದು ಸಲ ಕೆಳಗೆ ಊಹಿಸುತ್ತಿದೆ. ಎಡಬಲ ಯಾಕೆ ಕೆಟ್ಟಿಲ್ಲ? ಕಚ್ಚಿನ ಎರಡು ಪಕ್ಕವೂ ಸಮನಾಗಿ ಮಸುಕಾಗುವುದರಿಂದ ನಡು ಎಲ್ಲಿದೆ ಅಂತ ಕಣ್ಣು ಕಂಡುಹಿಡಿಯುತ್ತದೆ. ಎತ್ತರಕ್ಕೆ ಅಂಥ ಜೋಡಿ ಅಂಚು ಇಲ್ಲ.

ಇದಕ್ಕೆ ಪ್ರೋಗ್ರೆಸಿವ್ ಕನ್ನಡಕ ತುಪ್ಪ ಸುರಿಯುತ್ತದೆ. ಅದರಲ್ಲಿ ಮೇಲೆ ದೂರದ ನಂಬರು, ಕೆಳಗಿಳಿದಂತೆ ಹತ್ತಿರದ್ದು. ಕೆನ್ನೆ ಹಿಡಿಗೆ ಒತ್ತಿ ತಲೆ ಬಗ್ಗಿಸಿದಾಗ ನೀವು ನೋಡುವುದು ಗಾಜಿನ ಮೇಲ್ಭಾಗದಿಂದ, ಅದೂ ಮೂಗಿನ ಕಡೆಯ ಮೂಲೆಯಿಂದ. ಅಲ್ಲಿ ಮೊನೆ ಮಸುಕು. ಅದನ್ನು ಸ್ಪಷ್ಟ ಮಾಡಿಕೊಳ್ಳಲು ನಿಮಗೇ ಗೊತ್ತಿಲ್ಲದೆ ಗದ್ದ ಎತ್ತುತ್ತೀರಿ, ಕೆನ್ನೆ ಹಿಡಿಯಿಂದ ಅಷ್ಟು ಬಿಡುತ್ತದೆ, ಪ್ರತಿ ಈಡಿಗೂ ಬೇರೆ ಬೇರೆ ಎತ್ತರ. ರೇಂಜಿನಲ್ಲಿ ಯಾರಿಗಾದರೂ ನಿಮ್ಮ ಪಕ್ಕದಿಂದ ಮೊಬೈಲಿನಲ್ಲಿ ವಿಡಿಯೋ ತೆಗೆಯಲು ಹೇಳಿ, ಗದ್ದ ಕುಣಿಯುವುದು ಕಾಣುತ್ತದೆ.

ಹಾಗಾಗಿ ಮೊದಲ ಮದ್ದು ಕೋವಿಗೆ ಮಾತ್ರ ಅಂತ ಪ್ರತ್ಯೇಕವಾದ, ಒಂದೇ ನಂಬರಿನ ಕನ್ನಡಕ. ಯಾವ ನಂಬರು? ಮೊನೆಗೆ 0.8 ಬೇಕು, ಗುರಿಗೆ ಸೊನ್ನೆ. ಪೂರ್ತಿ 0.8 ಕೊಟ್ಟರೆ ಮೊನೆ ಚಾಕುವಿನಂತೆ ಕಾಣುತ್ತದೆ, ಆದರೆ 50 ಗಜದಲ್ಲಿ ಗುರಿಯ ಅಂಚು ಸುಮಾರು 11 ಸೆಂ.ಮೀ. ಹರಡುತ್ತದೆ. ನಡುವೆ ರಾಜಿಯಾಗಿ 0.5 ಕೊಟ್ಟರೆ ಗುರಿಯ ಮಸುಕು 7 ಸೆಂ.ಮೀ.ಗೆ ಇಳಿಯುತ್ತದೆ, ಮೊನೆಯದು 3ರಿಂದ ಒಂದು ಚಿಲ್ಲರೆ ಮಿ.ಮೀ.ಗೆ. ಉದ್ದ ನಳಿಗೆಯ ಕೋವಿಗೆ ದೂರದ ನಂಬರಿನ ಮೇಲೆ ಪ್ಲಸ್ 0.50 ಸೇರಿಸುವುದು ನನ್ನ ಮಾಮೂಲಿ ಆರಂಭ. ನಳಿಗೆ ಗಿಡ್ಡವಿದ್ದು ಮೊನೆ ಕಣ್ಣಿಗೆ 90 ಸೆಂ.ಮೀ. ಆಸುಪಾಸು ಬಂದರೆ 0.75. ನಿಮಗೆ ಮೈನಸ್ 1.25ಕ್ಕೆ ಪ್ಲಸ್ ಅರ್ಧ ಸೇರಿಸಿದರೆ ಮೈನಸ್ 0.75 ಆಯಿತು. ಸಿಲಿಂಡರ್ ನಂಬರು (ಕಣ್ಣಿನ ಬಾಗು ಎಲ್ಲ ದಿಕ್ಕಿಗೂ ಒಂದೇ ಸಮ ಇಲ್ಲದವರಿಗೆ ಕೊಡುವುದು) ಇದ್ದರೆ ಅದನ್ನು ಬಿಡದೆ ಹಾಕಿಸಿ. ಅರ್ಧ ಡಯಾಪ್ಟರ್ ಸಿಲಿಂಡರ್ ಪೇಪರ್ ಓದಲು ತೊಂದರೆ ಕೊಡದಿರಬಹುದು, ಕಚ್ಚಿನ ಅಡ್ಡ ಅಂಚನ್ನು ಮಾತ್ರ ತಿಂದುಹಾಕುತ್ತದೆ.

ಗುರಿ ಹಿಡಿಯುವ ಕಣ್ಣಿಗೆ ಮಾತ್ರ ಈ ನಂಬರು, ಇನ್ನೊಂದಕ್ಕೆ ಮಾಮೂಲಿ ದೂರದ್ದು. ಕಾಡಿನಲ್ಲಿ ನಡೆಯುವಾಗ ಕಾಲಡಿ ಎಡವಬಾರದಲ್ಲ. ಗಾಜು ಪಾಲಿಕಾರ್ಬನೇಟಿನದೇ ಇರಲಿ. ಚಕಮಕಿಯಲ್ಲಿ ಕಲ್ಲಿನ ಚೂರೂ ಕಿಡಿ ಒಳಹೋಗುವ ನಳಿಗೆಯ ಪಕ್ಕದ ತೂತಿನಿಂದ ಬರುವ ಬೆಂಕಿಯೂ ಮುಖದಿಂದ ಒಂದು ಗೇಣು ದೂರದಲ್ಲೇ ಹಾರುತ್ತವೆ. ಕನ್ನಡಕ ಮಾಡುವವರಿಗೆ ಕೋವಿ ತೋರಿಸಲು ಹೋಗಬೇಡಿ, ಅಂಗಡಿಯಲ್ಲಿ ಗಲಾಟೆಯಾದೀತು. ಮನೆಯಲ್ಲಿ ಕೋವಿ ಖಾಲಿ ಇದೆ ಅಂತ ಕೋಲು ಇಳಿಸಿ ಖಾತ್ರಿ ಮಾಡಿಕೊಂಡು, ನಿಂತು ಗುರಿ ಹಿಡಿದು, ಹೆಂಡತಿಯಿಂದಲೋ ಮಗನಿಂದಲೋ ಕಣ್ಣಿನ ಪಕ್ಕದಿಂದ ಮೊನೆಯವರೆಗೆ ದಾರ ಹಿಡಿಸಿ ಗಂಟು ಹಾಕಿಸಿ. ಕಚ್ಚಿಗೆ ಇನ್ನೊಂದು ಗಂಟು. ಆ ದಾರವನ್ನು ಜೇಬಿನಲ್ಲಿಟ್ಟುಕೊಂಡು ಹೋದರೆ ಸಾಕು. ಟ್ರಯಲ್ ಫ್ರೇಮಿನಲ್ಲಿ ಗಾಜು ಬದಲಿಸುತ್ತಾ, ಮೊನೆಯ ಗಂಟಿನ ದೂರದಲ್ಲಿ ಪೆನ್ಸಿಲ್ ತುದಿ ಹಿಡಿದು ಆಚೆ ಗೋಡೆಯ ಅಕ್ಷರವನ್ನೂ ನೋಡಿ. ತಲೆಯನ್ನು ಕೋವಿ ಹಿಡಿದಾಗ ಬಗ್ಗಿಸುವಷ್ಟೇ ಬಗ್ಗಿಸಿ ಅಂತ ಅವರಿಗೆ ಹೇಳಿ, ಗಾಜಿನ ನಡುಬಿಂದುವನ್ನು ಅಲ್ಲಿಗೇ ಕೂರಿಸಲಿ.

ಹಣ ಖರ್ಚು ಮಾಡುವ ಮುಂಚೆ ಒಂದು ಪುಕ್ಕಟೆ ಪರೀಕ್ಷೆ ಇದೆ. ನಿಮ್ಮ ಹಳೆಯ ಕನ್ನಡಕಗಳ ಡಬ್ಬಿ ಹುಡುಕಿ. ಮೈನಸ್ 0.75 ಇದ್ದ ಕಾಲದ ಜೋಡಿಯೊಂದು ಸಿಕ್ಕರೆ ಅದನ್ನೇ ಹಾಕಿ ನೋಡಿ. ಸಿಗದಿದ್ದರೆ ಬರಿಗಣ್ಣಲ್ಲೇ ಗುರಿ ಹಿಡಿಯಿರಿ (ಖಾಲಿ ಕೋವಿ, ಗೋಡೆಯ ಕಡೆಗೆ). ಮೈನಸ್ 1.25ರ ಕಣ್ಣು ಬರಿದಾಗಿ 80 ಸೆಂ.ಮೀ.ಗೆ ಕೂತಿರುತ್ತದೆ. ಮೊನೆ ಥಟ್ಟನೆ ಚೂಪಾಗಿ ಕಂಡರೆ ರೋಗ ಇದೇ ಅಂತ ಅರ್ಥ. ದೂರದೃಷ್ಟಿ ಸರಿಯಿದ್ದು ಓದಲಿಕ್ಕೆ ಮಾತ್ರ ಕನ್ನಡಕ ಹಾಕುವವರು ಪ್ಲಸ್ 0.50ರ ಸಿದ್ಧ ಕನ್ನಡಕ ಹುಡುಕಬೇಕು. ಔಷಧಿ ಅಂಗಡಿಗಳಲ್ಲಿ ಸಾಮಾನ್ಯವಾಗಿ 1.00ರಿಂದ ಶುರು, ಅದು ಇದಕ್ಕೆ ಜಾಸ್ತಿ.

ಇನ್ನು ಹಿಂದಿನ ಕಚ್ಚು. ಕನ್ನಡಕ ಬದಲಿಸಿದ ಮೇಲೂ ಅದು ಮಸುಕೇ, ಸ್ವಲ್ಪ ಕಡಿಮೆ ಅಷ್ಟೆ. ಇದಕ್ಕೆ ಎರಡು ದಾರಿ: ಕಚ್ಚನ್ನು ಕಣ್ಣಿನಿಂದ ದೂರ ಒಯ್ಯುವುದು, ಇಲ್ಲವೆ ಕಚ್ಚನ್ನೇ ತೆಗೆದು ಕಿಂಡಿ ಇಡುವುದು.

ದೂರ ಒಯ್ಯುವುದು ಹಳೇ ಉಪಾಯ. ಹಳೆಯ ಲಾಂಗ್‌ರೈಫಲ್‌ಗಳಲ್ಲಿ ಕೆಲವಕ್ಕೆ ನಳಿಗೆಯ ಮೇಲೆ ಮೊದಲಿದ್ದ ಡವ್‌ಟೈಲ್ ಗಾಡಿಯನ್ನು (ಕಚ್ಚು ಕೂರುವ ಅಡ್ಡ ತೋಡನ್ನು) ಲೋಹದ ತುಂಡಿನಿಂದ ಮುಚ್ಚಿ, ನಾಲ್ಕಾರು ಇಂಚು ಮುಂದೆ ಹೊಸ ಗಾಡಿ ಕೊರೆದಿರುವುದು ಕಾಣುತ್ತದೆ. ಯಜಮಾನನಿಗೆ ವಯಸ್ಸಾಗಿತ್ತು ಅಂತ ನಾನು ಓದಿಕೊಳ್ಳುತ್ತೇನೆ. ನಿಮ್ಮ ಕಚ್ಚನ್ನು ಆರು ಇಂಚು ಮುಂದೆ ಸರಿಸಿದರೆ ಅದು ಕಣ್ಣಿಗೆ 55 ಸೆಂ.ಮೀ. ಆಗುತ್ತದೆ, 2.5 ಡಯಾಪ್ಟರಿನ ಕೆಲಸ 1.8ಕ್ಕೆ ಇಳಿಯುತ್ತದೆ. ಹೊಸ ಕನ್ನಡಕವೂ ಸೇರಿದರೆ ತಪ್ಪು 1.3 ಡಯಾಪ್ಟರ್ ಮಾತ್ರ. ಮೊದಲಿನದರ ಅರ್ಧ. ನಷ್ಟವೂ ಇದೆ: ಕಚ್ಚಿಗೂ ಮೊನೆಗೂ ನಡುವಿನ ಅಂತರ 85ರಿಂದ 70 ಸೆಂ.ಮೀ.ಗೆ ಬರುವುದರಿಂದ ಅದೇ ತಪ್ಪು ಗುರಿಯ ಮೇಲೆ ಐದನೇ ಒಂದು ಪಾಲಿನಷ್ಟು ದೊಡ್ಡದಾಗಿ ಬೀಳುತ್ತದೆ. ಮಸುಕು ಅರ್ಧವಾಗಿ ತಪ್ಪು ಐದನೇ ಒಂದು ಪಾಲು ಹೆಚ್ಚಾದರೆ ಲಾಭದ ವ್ಯಾಪಾರವೇ. ಆದರೆ ಹತ್ತು ಇಂಚು, ಹನ್ನೆರಡು ಇಂಚು ಅಂತ ಸರಿಸುತ್ತಾ ಹೋದರೆ ಲಾಭ ಕರಗುತ್ತದೆ.

ಗಾಡಿ ಕೊರೆಸುವ ಮುಂಚೆ ರಟ್ಟಿನಲ್ಲಿ ನೋಡಿ. ಕಪ್ಪು ರಟ್ಟಿನಿಂದ ನಿಮ್ಮ ಕಚ್ಚಿನ ಆಕಾರವನ್ನೇ ಮೂರು ಅಗಲದಲ್ಲಿ ಕತ್ತರಿಸಿ, ಮೂಲ ಕಚ್ಚನ್ನು ಹೊಡೆದು ತೆಗೆದಿಟ್ಟು, ರಟ್ಟನ್ನು ನಳಿಗೆಗೆ ಟೇಪಿನಿಂದ ಅಂಟಿಸಿ ಹಿಂದೆ ಮುಂದೆ ಸರಿಸುತ್ತಾ ಖಾಲಿ ಕೋವಿಯಲ್ಲಿ ಗುರಿ ಹಿಡಿಯಿರಿ. ನಾನು ಹೀಗೆ ಮೂರು ಸಂಜೆ ಕೂತೆ. ಪ್ರತಿ ಸಲ ಅಂಚು ಕಚ್ಚಿಕೊಂಡ ಜಾಗಕ್ಕೆ ಸೀಮೆಸುಣ್ಣದ ಗೆರೆ ಹಾಕಿದೆ. ಮೂರನೇ ಸಂಜೆ ಗೆರೆಗಳೆಲ್ಲ ಎರಡು ಬೆರಳಿನ ಅಗಲದೊಳಗೆ ಬಂದು ನಿಂತವು. ಅಲ್ಲೇ ಕೊರೆಸಿದೆ. ಕಚ್ಚಿನ ಅಗಲದ ವಿಷಯವೂ ಆಗಲೇ ತೀರ್ಮಾನವಾಯಿತು. ನಿಮ್ಮ ರೇಂಜಿನ ಗೆಳೆಯರು ಹೇಳಿದ್ದು ಪೂರ್ತಿ ತಪ್ಪಲ್ಲ. ವಯಸ್ಸಾದ ಕಣ್ಣಿಗೆ ಮೊನೆಯ ಎರಡೂ ಬದಿ ಬೆಳಕಿನ ಪಟ್ಟಿ ಧಾರಾಳವಾಗಿ ಕಾಣಬೇಕು, ಹಳೇ ಕಿರಿದಾದ ಕಚ್ಚಿನಲ್ಲಿ ಮಸುಕು ಆ ಪಟ್ಟಿಯನ್ನು ನುಂಗಿಬಿಡುತ್ತದೆ. ಆದರೆ ಅದು ಕೊನೆಯ ಕೆಲಸ, ಮೊದಲಿನದಲ್ಲ. ವಿ ಆಕಾರದ ಕಚ್ಚಿದ್ದರೆ ಅದನ್ನು ಚೌಕವಾಗಿಸಿ, ಮೊನೆಯ ತಲೆಯೂ ಚಪ್ಪಟೆಯಾಗಿದ್ದರೆ, ಎತ್ತರ ಅಳೆಯಲು ನಿಮಗೊಂದು ಅಡ್ಡಗೆರೆ ಸಿಕ್ಕಿದಂತಾಗುತ್ತದೆ. ಚೆದುರುವುದು ಮೇಲೆ ಕೆಳಗೇ ಆಗಿರುವ ನಿಮಗೆ ಇದು ಮುಖ್ಯ.

ಎರಡನೆಯ ದಾರಿ ಕಿಂಡಿ. ಪೀಪ್ ಸೈಟ್ ಅನ್ನುವುದಕ್ಕೆ ನಮ್ಮ ಭಾಷೆಯಲ್ಲಿ ಇದಕ್ಕಿಂತ ಒಳ್ಳೆಯ ಪದ ಇಲ್ಲ. ಬಳಸುವ ರೀತಿಯೂ ಅದರಲ್ಲೇ ಇದೆ: ಉಡುಪಿಯಲ್ಲಿ ಕನಕನ ಕಿಂಡಿಯ ಮುಂದೆ ನಿಂತವರು ಯಾರೂ ಕಿಂಡಿಯನ್ನು ನೋಡುವುದಿಲ್ಲ, ಒಳಗಿನ ಕೃಷ್ಣನನ್ನು ನೋಡುತ್ತಾರೆ. ಹೊಸದಾಗಿ ಕಿಂಡಿ ಹಾಕಿಸಿದವರು ಮಾಡುವ ತಪ್ಪು ಅದೇ, ಮೊನೆ ನಡುವಿನಲ್ಲಿದೆಯೇ ಅಂತ ಕಿಂಡಿಯ ಸುತ್ತು ನೋಡುತ್ತಾ ಕೂರುತ್ತಾರೆ. ಬೇಡ. ಕಿಂಡಿಯ ನಡುವೆ ಬೆಳಕು ಹೆಚ್ಚು, ಕಣ್ಣು ತಾನಾಗಿಯೇ ಮೊನೆಯನ್ನು ಅಲ್ಲಿ ಕೂರಿಸುತ್ತದೆ. ಕಣ್ಣು ಹೊಂದಿಸಿಕೊಳ್ಳಬೇಕಾದ ಮೂರು ವಸ್ತು ಎರಡಕ್ಕೆ ಇಳಿಯುತ್ತದೆ.

ಇನ್ನೊಂದು ಲಾಭ ಮೇಲಿನ ಸೂತ್ರದಲ್ಲೇ ಇದೆ. ಮಸುಕು ಪಾಪೆಯ ಅಗಲಕ್ಕೆ ತಕ್ಕಂತೆ. ಕಣ್ಣಿನ ಮುಂದೆ 1.5 ಮಿ.ಮೀ. ಕಿಂಡಿ ಇಟ್ಟರೆ ಪಾಪೆ 3ರಿಂದ 1.5ಕ್ಕೆ ಇಳಿದಂತೆಯೇ, ಮೊನೆ ಗುರಿ ಎರಡರ ಮಸುಕೂ ಅರ್ಧ. ಕನ್ನಡಕ ಇಲ್ಲದಾಗ ತೋರುಬೆರಳನ್ನು ಸುರುಟಿ, ಆ ಸಣ್ಣ ಸಂದಿಯಿಂದ ಮಾತ್ರೆ ಪಟ್ಟಿಯ ಮೇಲಿನ ಅಕ್ಷರ ಓದಿ ನೋಡಿ, ಇದೇ ತಂತ್ರ.

ಕಿಂಡಿ ಅಂದರೆ ಸಂಪ್ರದಾಯ ಕೆಟ್ಟಿತು ಅನ್ನುವವರು ರೇಂಜಿನಲ್ಲಿ ಸಿಗುತ್ತಾರೆ. ಅವರಿಗೆ 1874ರ ಸೆಪ್ಟೆಂಬರ್ 26ರ ಕ್ರೀಡ್‌ಮೂರ್ ಪಂದ್ಯವನ್ನು ನೆನಪಿಸಿ. ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ಐರ್ಲೆಂಡ್ ತಂಡ ಬಾಯಿಂದ ಮದ್ದು ತುಂಬುವ ರಿಗ್ಬಿ ರೈಫಲ್‌ಗಳನ್ನು ತಂದಿತ್ತು, ಅಮೆರಿಕನ್ನರು ಹಿಂದಿನಿಂದ ತೋಟಾ ತುಂಬುವ ಶಾರ್ಪ್ಸ್ ಮತ್ತು ರೆಮಿಂಗ್ಟನ್. ದೂರ 800, 900, 1000 ಗಜ. ಎರಡೂ ಕಡೆಯವರ ಕೋವಿಗಳ ಮೇಲೆ ಇದ್ದದ್ದು ಅಳತೆ ಗೆರೆ ಹಾಕಿದ ಕಿಂಡಿಗಳೇ. ಅಮೆರಿಕ 934, ಐರ್ಲೆಂಡ್ 931. ಐರಿಷ್ ಗುರಿಕಾರನೊಬ್ಬ ಪಕ್ಕದವರ ಗುರಿಗೆ ಸರಿಯಾಗಿ ನಡುವಿಗೇ ಹೊಡೆದು ಸೊನ್ನೆ ಪಡೆದ, ಇಲ್ಲದಿದ್ದರೆ ಮದ್ದು ಜಡಿಯುವ ಕೋವಿಯೇ ಗೆಲ್ಲುತ್ತಿತ್ತು. ಕಿಂಡಿ ಎಷ್ಟು ಒಳ್ಳೆಯದಿದ್ದರೂ ಯಾವ ಗುರಿ ನಿಮ್ಮದು ಅಂತ ಅದು ಹೇಳುವುದಿಲ್ಲ ನೋಡಿ.

ಹಿಡಿಯ ಮೇಲೆ ಹಿಂದಕ್ಕೆ ಇಳಿಯುವ ಲೋಹದ ನಾಲಿಗೆಗೆ, ಅಂದರೆ ಟ್ಯಾಂಗಿಗೆ, ಸ್ಕ್ರೂ ಹಾಕಿ ಕೂರಿಸುವ ಕಿಂಡಿಗಳು ಸಿಗುತ್ತವೆ. ಅಲ್ಲಿ ಇಟ್ಟರೆ ಕಿಂಡಿಗೂ ಮೊನೆಗೂ ನಡುವಿನ ಅಂತರವೂ ಹೆಚ್ಚುತ್ತದೆ. ಆದರೆ ರೇಂಜಿನಲ್ಲಿ ಚಂದ ಕಾಣುವ 1.5 ಮಿ.ಮೀ. ತೂತನ್ನು ಡಿಸೆಂಬರಿನ ಸಂಜೆ ನಾಲ್ಕೂವರೆಗೆ ಹೆಮ್ಲಾಕ್ ಮರಗಳಡಿ ಹಿಡಿದರೆ ಕತ್ತಲೆಯೊಂದೇ ಕಾಣುತ್ತದೆ. ಅರವತ್ತರ ಕಣ್ಣಿನ ಅಕ್ಷಿಪಟಕ್ಕೆ ಇಪ್ಪತ್ತರ ಕಣ್ಣಿಗೆ ಹೋಲಿಸಿದರೆ ಸುಮಾರು ಮೂರನೇ ಒಂದು ಪಾಲು ಬೆಳಕು ಮಾತ್ರ ತಲುಪುತ್ತದೆ. ಪಾಪೆ ಕಿರಿದಾಗಿರುತ್ತದೆ, ಮಸೂರ ಹಳದಿಯಾಗಿರುತ್ತದೆ. ಅದಕ್ಕೆ ಕಾಡಿಗೆ ಮೂರು ನಾಲ್ಕು ಮಿ.ಮೀ. ತೂತು, ರೇಂಜಿಗೆ ಸಣ್ಣದು, ತಿರುಗಿಸಿ ಬದಲಿಸುವಂಥದ್ದೇ ತೆಗೆದುಕೊಳ್ಳಿ. ಕೋವಿಗೆ ತೂತು ಕೊರೆಸಲು ಮನಸ್ಸಿಲ್ಲದಿದ್ದರೆ ಕಿಂಡಿಯನ್ನು ಕನ್ನಡಕಕ್ಕೇ ಅಂಟಿಸಬಹುದು. ಕರೆಂಟ್ ಟೇಪಿನ ತುಂಡಿನಲ್ಲಿ ಒಂದೂವರೆ ಮಿ.ಮೀ. ತೂತು ಮಾಡಿ, ಗುರಿ ಹಿಡಿದ ಭಂಗಿಯಲ್ಲೇ ಮನೆಯವರಿಂದ ಗಾಜಿನ ಮೇಲೆ ಸರಿಯಾದ ಜಾಗಕ್ಕೆ ಅಂಟಿಸಿಕೊಳ್ಳಿ. ಕಚ್ಚನ್ನು ಮುಟ್ಟಬೇಕಾಗಿಲ್ಲ, ಅದರ ಕೂದಲೂ ಉದುರುತ್ತದೆ. ಹತ್ತು ಪೈಸೆ ಖರ್ಚಿಲ್ಲದ ಈ ತುಂಡು ಟೇಪು ನನ್ನ ಬಳಿ ಬಂದ ಎಷ್ಟೋ ಜನರ ಹೊಸ ಕೋವಿಯ ಖರ್ಚು ಉಳಿಸಿದೆ. ಆದರೆ ಬೇಟೆಗೆ ಅದನ್ನು ಹಾಕಿಕೊಂಡು ಹೋಗಬೇಡಿ, ಪಕ್ಕದಲ್ಲಿ ಯಾರು ನಡೆದು ಬರುತ್ತಿದ್ದಾರೆ ಅಂತ ಕಾಣದೆ ಹೋದೀತು.

ಇನ್ನೊಂದು ಕಣ್ಣನ್ನು ಮುಚ್ಚಿ ಕಿವುಚಬೇಡಿ. ಎರಡು ಪಾಪೆಗಳೂ ಜೊತೆಜೊತೆಗೇ ಹಿಗ್ಗಿ ಕುಗ್ಗುತ್ತವೆ. ಒಂದನ್ನು ಕತ್ತಲೆಗೆ ಹಾಕಿದರೆ ಗುರಿ ಹಿಡಿಯುವ ಕಣ್ಣಿನ ಪಾಪೆಯೂ ಅಷ್ಟು ಹಿಗ್ಗಿ ಮಸುಕು ಹೆಚ್ಚುತ್ತದೆ. ಆ ಗಾಜಿಗೆ ಬೆಳಕು ಬಿಡುವ ಬಿಳಿ ಟೇಪು ಅಂಟಿಸಿದರೆ ಸಾಕು.

ಬೆಳ್ಳಿಯ ಮೊನೆಯ ವಿಷಯಕ್ಕೆ ಬರೋಣ. ಮೋಡದ ದಿನ ಅದು ದೇವರು ಕೊಟ್ಟ ವರ. ಬಿಸಿಲಿಗೆ ಮಾತ್ರ ಮೋಸ ಮಾಡುತ್ತದೆ. ಬಲದಿಂದ ಬಿಸಿಲು ಬಿದ್ದರೆ ಮೊನೆಯ ಬಲ ಅಂಚು ಮಾತ್ರ ಹೊಳೆಯುತ್ತದೆ, ಅದೇ ಇಡೀ ಮೊನೆ ಅಂದುಕೊಂಡು ಕಣ್ಣು ಅದನ್ನು ನಡುವಿಗೆ ತರುತ್ತದೆ, ನಳಿಗೆ ಎಡಕ್ಕೆ ತಿರುಗಿ ಗುಂಡು ಬೆಳಕಿನಿಂದ ಆಚೆಗೆ ಹೋಗುತ್ತದೆ. ರೇಂಜಿನಲ್ಲಿ ಬಿಸಿಲಿದ್ದರೆ ಮೊನೆಗೆ ಕಾಡಿಗೆ ಹಚ್ಚಿ. ನಾನು ಹರಳೆಣ್ಣೆ ದೀಪದ ಮೇಲೆ ಹಿತ್ತಾಳೆ ಚಮಚ ಕವುಚಿ, ಅಮ್ಮ ಮಾಡುತ್ತಿದ್ದ ಹಾಗೆಯೇ ಮಾಡಿದ ಕಾಡಿಗೆಯನ್ನು ಡಬ್ಬಿಯಲ್ಲಿಟ್ಟುಕೊಂಡು ಹೋಗುತ್ತೇನೆ, ಬೆಂಕಿಕಡ್ಡಿಯ ಹಿಂತುದಿಯಿಂದ ಒಂದು ಬೊಟ್ಟು. ಪಕ್ಕದವರು ಮೇಣದ ಬತ್ತಿಯನ್ನು ನೇರವಾಗಿ ಮೊನೆಗೆ ಹಿಡಿಯುವುದನ್ನು ಕಂಡಿದ್ದೇನೆ. ಕಪ್ಪು ಮದ್ದಿನ ಸುತ್ತಮುತ್ತ ಬೆಂಕಿ ತರುವ ಆ ಧೈರ್ಯ ನನಗಿಲ್ಲ, ನಿಮಗೂ ಬೇಡ. ಮೊನೆಯ ಹಿಂಬದಿ, ನಿಮ್ಮ ಕಡೆಗಿರುವ ಮುಖ, ಇಳಿಜಾರಾಗಿ ಆಕಾಶ ನೋಡುತ್ತಿದ್ದರೆ ಅದನ್ನು ನೆಟ್ಟಗೆ ಮಾಡಿಸಿ, ಅರ್ಧ ಹೊಳಪು ಅಲ್ಲೇ ಹೋಗುತ್ತದೆ. ಬಣ್ಣದ ಫೈಬರ್ ಕಡ್ಡಿಗಳು ಮುಸ್ಸಂಜೆಗೆ ಒಳ್ಳೆಯವೇ, ಆದರೆ ಬಿಸಿಲಿಗೆ ಹಿಗ್ಗಿ ಗುರಿಯನ್ನೇ ಮುಚ್ಚುತ್ತವೆ, ನಿಮ್ಮ ಕೋವಿಯ ಮೇಲೆ ನೋಡಲು ಅಸಹ್ಯ ಕೂಡ.

ಇಷ್ಟೆಲ್ಲ ಆಗಿ ಗುಂಡುಗಳು ಮತ್ತೆ ಒಂದೆಡೆ ಬೀಳತೊಡಗಿದ ಮೇಲೆ ಅರಕ್ಕೆ ಕೆಲಸ ಬರುತ್ತದೆ, ಯಾಕೆಂದರೆ ಕಚ್ಚು ಸರಿದರೆ ಎತ್ತರವೂ ಬದಲಾಗಿರುತ್ತದೆ. ಗುಂಪು ಕೆಳಗೆ ಬೀಳುತ್ತಿದ್ದರೆ ಮುಂದಿನ ಮೊನೆ ಉಜ್ಜಬೇಕು. ಎಷ್ಟು? ಎಷ್ಟು ಕೆಳಗಿದೆಯೋ ಅದನ್ನು ಕಚ್ಚು ಮೊನೆಗಳ ಅಂತರದಿಂದ ಗುಣಿಸಿ, ಗುರಿಯ ದೂರದಿಂದ ಭಾಗಿಸಿ. 7.5 ಸೆಂ.ಮೀ. ಕೆಳಗೆ, ಅಂತರ 70 ಸೆಂ.ಮೀ., ದೂರ 4570 ಸೆಂ.ಮೀ. ಆದರೆ 1.1 ಮಿ.ಮೀ. ಲೆಕ್ಕ ಹೇಳಿದ್ದರ ಅರ್ಧ ಉಜ್ಜಿ, ಐದು ಈಡು ಹೊಡೆದು, ಮತ್ತೆ ನೋಡಿ. ಮೇಲೆ ಬೀಳುತ್ತಿದ್ದರೆ ಮುಂದಿನದನ್ನು ಮುಟ್ಟಬೇಡಿ, ಎತ್ತರದ ಮೊನೆ ಹಾಕಿಸಿ ಇಲ್ಲವೆ ಕಚ್ಚಿನ ತಳ ಇಳಿಸಿ. ಎಡಬಲಕ್ಕೆ ಹಿಂದಿನದನ್ನು ಗುಂಡು ಹೋಗಬೇಕಾದ ಕಡೆಗೇ ತಟ್ಟಿ, ಮುಂದಿನದನ್ನಾದರೆ ಅದರ ವಿರುದ್ಧಕ್ಕೆ.

ಇನ್‌ಲೈನ್ ಮತ್ತು ದುರ್ಬೀನಿನ ಸಲಹೆ ಕೆಟ್ಟದ್ದಲ್ಲ, ನಿಮಗೆ ಒಗ್ಗುವುದಿಲ್ಲ ಅಷ್ಟೆ. ದುರ್ಬೀನು ಗುರಿ ಮತ್ತು ಗೆರೆ ಎರಡನ್ನೂ ಒಂದೇ ದೂರಕ್ಕೆ ತರುವುದರಿಂದ ಚಾಳೀಸಿನ ಸಮಸ್ಯೆ ಬೇರುಸಹಿತ ಹೋಗುತ್ತದೆ. ಆದರೆ ಪೆನ್ಸಿಲ್ವೇನಿಯಾ 1974ರಲ್ಲಿ ಶುರು ಮಾಡಿದ ಆ ಚಳಿಗಾಲದ ಸೀಸನ್ ಇರುವುದೇ ಚಕಮಕಿಗೆ, ಇನ್‌ಲೈನ್ ಹಿಡಿದು ಅಲ್ಲಿಗೆ ಹೋಗುವಂತಿಲ್ಲ. ಕೊಲರಾಡೋದಂಥ ರಾಜ್ಯಗಳಲ್ಲಿ ಮದ್ದು ಜಡಿಯುವ ಕೋವಿಗಳ ಸೀಸನ್ನಿಗೆ ದುರ್ಬೀನು ನಿಷಿದ್ಧ. ಕಿಂಡಿ ಹಾಕಿಸುವ ಮುಂಚೆಯೂ ನಿಮ್ಮ ರಾಜ್ಯದ ಬೇಟೆ ನಿಯಮ ಮಾಡುವ ಗೇಮ್ ಕಮಿಷನ್ನಿನ ಆ ವರ್ಷದ ನಿಯಮ ಪುಸ್ತಕವನ್ನೂ, ನೀವು ಆಡುವ ಪಂದ್ಯದ ನಿಯಮವನ್ನೂ ಓದಿಕೊಳ್ಳಿ.

ಅಣ್ಣನವರ ವಿಷಯ ಬೇರೆ. ಕೊಡಗಿನ ಮನೆಗಳಲ್ಲಿರುವ ಹಳೇ ಕೇಪಿನ ಕೋವಿಗಳಲ್ಲಿ ಹೆಚ್ಚಿನವು ಒಳಗೆ ಗೀರಿಲ್ಲದ ನುಣುಪು ನಳಿಗೆಯವು. ಹಿಂದೆ ಕಚ್ಚಿಲ್ಲ, ಮುಂದೆ ಒಂದು ಹಿತ್ತಾಳೆ ಮಣಿ ಅಷ್ಟೆ. ಅಲ್ಲಿ ಹಿಂದಿನ ಗುರಿ ಅಂದರೆ ಅವರ ಕಣ್ಣೇ. ಪ್ರತಿ ಸಲ ಕೆನ್ನೆ ಅದೇ ಜಾಗಕ್ಕೆ ಬಂದರೆ ಕೊಡವರ ಆಯುಧ ಹಬ್ಬ ಕೈಲ್‌ಪೊಳ್ದಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯಲು ಅಷ್ಟು ಸಾಕು. ಮಣಿಯ ಹಿಂಬದಿಗೆ ಒಂದು ಚುಕ್ಕೆ ಬಿಳಿ ಬಣ್ಣ, ಪ್ರೋಗ್ರೆಸಿವ್ ಬದಲು ಒಂದೇ ನಂಬರಿನ ಕನ್ನಡಕ, ಇವೆರಡೇ ನನ್ನ ಸಲಹೆ. ನಳಿಗೆಗೆ ಕೊರೆಯುವ, ಬೆಸೆಯುವ ಕೆಲಸವನ್ನು ಊರ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಬಾರದು. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಇರುವ ವಿನಾಯಿತಿಯನ್ನು 2019ರಲ್ಲಿ ಕೇಂದ್ರ ಸರ್ಕಾರ 2029ರವರೆಗೆ ವಿಸ್ತರಿಸಿದೆ. ಅದು ಪರವಾನಗಿಯಿಂದ ವಿನಾಯಿತಿಯೇ ಹೊರತು ನಳಿಗೆ ಸಿಡಿಯುವುದರಿಂದಲ್ಲ.

ಆದರೆ ಅಣ್ಣನಿಗೆ 70 ಅಂದಿರಿ. ಈ ಸಲ ಫೋನ್ ಮಾಡಿದಾಗ ಮೂರು ಪ್ರಶ್ನೆ ಕೇಳಿ. ರಾತ್ರಿ ಎದುರು ಬರುವ ಜೀಪಿನ ದೀಪದ ಸುತ್ತ ಪ್ರಭಾವಳಿ ಕಾಣುತ್ತದೆಯೇ? ಒಂದೊಂದೇ ಕಣ್ಣು ಮುಚ್ಚಿ ನೋಡಿದರೆ ಬಿಳಿ ಪಂಚೆ ಒಂದರಲ್ಲಿ ಹಳದಿಯಾಗಿ ಕಾಣುತ್ತದೆಯೇ? ಬಾಗಿಲ ಚೌಕಟ್ಟಿನ ನೇರ ಗೆರೆ ಎಲ್ಲಾದರೂ ಸೊಟ್ಟಗಾಗಿದೆಯೇ? ಮೊದಲೆರಡಕ್ಕೆ ಹೌದು ಅಂದರೆ ಪೊರೆ ಬಂದಿರಬಹುದು, ಯಾವ ಮಣಿ ಹಾಕಿಸಿದರೂ ಪ್ರಯೋಜನವಿಲ್ಲ. ಆಪರೇಷನ್ನಿಗೆ ಹೋಗುವಾಗ ಕೋವಿ ಹಿಡಿಯುವ ಅಭ್ಯಾಸವಿದೆ ಅಂತ ಡಾಕ್ಟರಿಗೆ ಮೊದಲೇ ಹೇಳಲಿ, ಹಲವು ದೂರಕ್ಕೆ ಹಂಚುವ ಮಸೂರಕ್ಕಿಂತ ಒಂದೇ ದೂರದ ಮಸೂರ ಅವರಿಗೆ ಮೇಲು, ಮೊನೆಯ ಅಂಚು ಅದರಲ್ಲಿ ಗಟ್ಟಿಯಾಗಿ ಕಾಣುತ್ತದೆ. ಮೂರನೆಯದಕ್ಕೆ ಹೌದು ಅಂದರೆ ಕೋವಿಯ ಮಾತು ಬಿಟ್ಟು ಅದೇ ವಾರ ಕಣ್ಣಿನ ಡಾಕ್ಟರ ಹತ್ತಿರ ಹೋಗಲಿ. ನಿಮಗಿಬ್ಬರಿಗೂ ಸಕ್ಕರೆ ಕಾಯಿಲೆ ಇದ್ದರೆ, ಸಕ್ಕರೆ ಹತೋಟಿಗೆ ಬಂದು ಕೆಲವು ವಾರ ಕಳೆಯುವವರೆಗೆ ಹೊಸ ಕನ್ನಡಕ ಮಾಡಿಸಬೇಡಿ. ಸಕ್ಕರೆ ಏರಿಳಿದರೆ ನಂಬರೂ ಏರಿಳಿಯುತ್ತದೆ, ದಾರದ ಗಂಟು ಮಾತ್ರ ಅಲ್ಲೇ ಇರುತ್ತದೆ.